ವಿತಂಡವಾದ ಮಾಡಿದ್ದು ಯಾರು?

ಪ್ರಶ್ನೆ (ಮುಂಬೈನ ಮುಲುಂಡ್‌ನ ಸದಸ್ಯರು): ವಕೀಲರೇ, ನಮಸ್ಕಾರ. ಟೆರೇಸ್ ವಾಟರ್‌ಪ್ರೂಫಿಂಗಿಗೆ ಕಂಟ್ರಾಕ್ಟರಿಗೆ 2 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೀರಾ ಅಂತ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಕೇಳಿದೆ. ಸೆಕ್ರೆಟರಿ "ಇಲ್ಲವೇ ಇಲ್ಲ" ಅಂದರು. ಆಮೇಲೆ ನೋಡಿದರೆ ಕೊಟ್ಟಿದ್ದು 1,90,000! ಮತ್ತೆ ಕೇಳಿದ್ದಕ್ಕೆ, "2 ಲಕ್ಷ ಕೊಟ್ಟಿಲ್ಲ ಅಂದೆ, ಅದರಲ್ಲಿ ಸುಳ್ಳೇನಿದೆ?" ಅಂದರು. ಮೇಲಿಂದ ಚೇರ್ಮನ್ನರು "ವಿತಂಡವಾದ ಘಾಲೂ ನಕಾ" (ವಿತಂಡವಾದ ಮಾಡಬೇಡಿ) ಅಂತ ಮರಾಠಿಯಲ್ಲಿ ನನಗೇ ಬುದ್ಧಿ ಹೇಳಿದರು. ನಾನು ಮಾಡಿದ್ದು ವಿತಂಡವಾದವೇ?

ಉತ್ತರ (ವಕೀಲರು): ಅಲ್ಲವೇ ಅಲ್ಲ. ಈ ಪದ ಕನ್ನಡದಲ್ಲೂ ಮರಾಠಿಯಲ್ಲೂ ಇವತ್ತು ಸುಮ್ನೆ ಬೈಗುಳ. ಆದರೆ ಗೌತಮ ಮುನಿಯ ನ್ಯಾಯಸೂತ್ರ ಅನ್ನುವ ಹಳೆಯ ತರ್ಕಗ್ರಂಥದಲ್ಲಿ ಅದಕ್ಕೆ ಖಚಿತ ಅರ್ಥ ಇದೆ. ಅಲ್ಲಿ ಚರ್ಚೆ ಮೂರು ಥರ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲೇಬೇಕು ಅಂತ ಮಾಡುವುದು ಜಲ್ಪ. ತನ್ನ ಪಕ್ಷ ಏನು ಅಂತ ಹೇಳದೆ ಎದುರಿನವರ ಮಾತನ್ನು ಬರೀ ಕೆಡವುತ್ತಾ ಹೋಗುವುದು ವಿತಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನದು ವಿತಂಡವಲ್ಲ, ಮೊಂಡುವಾದ. ಅವನ ಕೈಯಲ್ಲಿ ಒಂದು ಮೊಲವಾದರೂ ಇದೆ!

ನಿಮ್ಮ ಸೆಕ್ರೆಟರಿ ಮಾಡಿದ್ದಕ್ಕೆ ಅದೇ ಗ್ರಂಥದಲ್ಲಿ ಬೇರೆ ಹೆಸರಿದೆ: ಛಲ. ನಾವು ಕನ್ನಡದಲ್ಲಿ ಹೇಳುವ ಹಟದ ಛಲ ಅಲ್ಲ, ಮಾತಿನ ಮೋಸ. ಒಬ್ಬ "ಇವನು ನವಕಂಬಳದವನು" ಅನ್ನುತ್ತಾನೆ, ಹೊಸ ಕಂಬಳಿ ಹೊದ್ದವನು ಅಂತ. ಇನ್ನೊಬ್ಬ "ಒಂಬತ್ತು ಕಂಬಳಿ ಎಲ್ಲಿದೆ, ಒಂದೇ ಇದೆಯಲ್ಲ" ಅಂತ ಹಿಡಿದುಕೊಳ್ಳುತ್ತಾನೆ. ನವ ಅಂದರೆ ಹೊಸದೂ ಹೌದು, ಒಂಬತ್ತೂ ಹೌದಲ್ವಾ. ಇದು ವಾಕ್ಛಲ. ಆಯುರ್ವೇದದ ಚರಕಸಂಹಿತೆಯಲ್ಲೂ ಇಂಥದ್ದೇ ಉದಾಹರಣೆ ಬರುತ್ತದೆ, ಅಲ್ಲಿ ಸಿಕ್ಕಿಬೀಳುವವನು ವೈದ್ಯ.

ಸೆಕ್ರೆಟರಿ ಆಟವಾಡಿದ್ದು ಪದದ ಮೇಲಲ್ಲ, ಅಂಕಿಯ ಮೇಲೆ. ಆದರೆ ಜಾತಿ ಒಂದೇ. ಕೋರ್ಟಿನಲ್ಲಿ ಇದು ನಡೆಯಲ್ಲ. ಸಿವಿಲ್ ದಾವೆ ಹೇಗೆ ನಡೆಯಬೇಕು ಅಂತ ಹೇಳುವ 1908ರ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 8, ರೂಲ್ 4 ಇದನ್ನೇ ಹೆಸರಿಟ್ಟು ಹಿಡಿದಿದೆ. ಪ್ರತಿವಾದಿ ಇಂತಿಷ್ಟು ಹಣ ಪಡೆದ ಅಂತ ದಾವೆಯಲ್ಲಿದ್ದರೆ, "ಅಷ್ಟು ಪಡೆದಿಲ್ಲ" ಅಂದರೆ ಸಾಲದು. ಆ ಹಣವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಪಡೆದಿಲ್ಲ ಅನ್ನಬೇಕು. ಇಲ್ಲವೇ ಎಷ್ಟು ಪಡೆದೆ ಅಂತ ಹೇಳಬೇಕು. ಜಾರಿಕೊಳ್ಳುವ ನಿರಾಕರಣೆಗೆ ಜಾಗವಿಲ್ಲ.

ಪ್ರಶ್ನೆ (ಠಾಣೆಯ ಸದಸ್ಯರು): ಸರ್, ಹಾಗಾದ್ರೆ ಕ್ರಿಮಿನಲ್ ಕೇಸಿನಲ್ಲಿ ಆರೋಪಿ ಪರ ವಕೀಲರು ಮಾಡುವುದೆಲ್ಲ ವಿತಂಡವೇ ಅಲ್ವಾ? 😄

ಉತ್ತರ: ಹಳೆಯ ಅರ್ಥದಲ್ಲಿ ಬಹುಮಟ್ಟಿಗೆ ಹೌದು, ನನಗೆ ಅದರಲ್ಲಿ ನಾಚಿಕೆ ಇಲ್ಲ! ತಪ್ಪು ಮಾಡಿದ್ದಾನೆ ಅಂತ ಸಾಬೀತು ಮಾಡುವುದು ಪ್ರಾಸಿಕ್ಯೂಷನ್ ಕೆಲಸ, ಅದೂ ಸಂಶಯಕ್ಕೆ ಎಡೆ ಇಲ್ಲದಂತೆ. ಆರೋಪಿ ತನ್ನ ಕಥೆ ಹೇಳಲೇಬೇಕೆಂದಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಅಂತ ಸಂವಿಧಾನದ 20(3)ನೇ ವಿಧಿಯೇ ಹೇಳುತ್ತದೆ. ಸಾಕ್ಷಿಯ ಹೇಳಿಕೆ ಮುರಿದರೆ ಸಾಕು. ಆದರೆ "ಆವತ್ತು ನಾನು ಊರಲ್ಲೇ ಇರಲಿಲ್ಲ" ಅಂತ ಬಾಯಿ ಬಿಟ್ಟರೆ, ಅದನ್ನು ತೋರಿಸುವ ಹೊಣೆ ಅವನ ತಲೆಗೇ ಬರುತ್ತದೆ.

ಪ್ರಶ್ನೆ (ಮುಲುಂಡ್‌ನವರೇ): ಸರ್, ಈಗ ನಾನೇನು ಮಾಡಲಿ?

ಉತ್ತರ: ಬಾಯಲ್ಲಿ ಜಗಳ ಬೇಡ. ಆಡಿಟ್ ಆದ ಬ್ಯಾಲೆನ್ಸ್ ಶೀಟ್, ಕಮಿಟಿ ಮೀಟಿಂಗಿನ ಮಿನಿಟ್ಸ್ ನೋಡುವ ಹಕ್ಕು ಸದಸ್ಯರಿಗೆ ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯಲ್ಲೇ ಇದೆ. ಪತ್ರ ಬರೆಯಿರಿ, ಕಾಪಿ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಮೊತ್ತ ಮಾತ್ರ ನೀವೇ ಹೇಳಲು ಹೋಗಬೇಡಿ. "ಈ ಕೆಲಸಕ್ಕೆ ಇವತ್ತಿನವರೆಗೆ ಯಾರಿಗೆ, ಯಾವ ತಾರೀಖಿಗೆ, ಎಷ್ಟೆಷ್ಟು ಕೊಟ್ಟಿದ್ದೀರಿ" ಅಂತ ಕೇಳಿ.