ಚೌಕಟ್ಟಿನಲ್ಲಿ ತೂತೇ ಇಲ್ಲದ ಉಕ್ಕಿನ ಟೆನಿಸ್ ರಾಕೆಟ್: ಇದಕ್ಕೆ ಗಟ್ಟಿಂಗ್ ಹಾಕಿಸುವುದು ಹೇಗೆ?

ಪ್ರಶ್ನೆ (ಸರಸ್ವತೀಪುರಂ, ಮೈಸೂರು)

ಮಾನ್ಯರೇ, ನವರಾತ್ರಿಗೆ ಬೊಂಬೆ ಕೂರಿಸಲೆಂದು ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸುವಾಗ ನಮ್ಮ ದೊಡ್ಡಪ್ಪನವರ ಹಳೆಯ ಟೆನಿಸ್ ರಾಕೆಟ್ ಒಂದು ಸಿಕ್ಕಿತು. ಅದು ಮರದ್ದಲ್ಲ, ಹೊಳೆಯುವ ತೆಳು ಉಕ್ಕಿನ ಕೊಳವೆಯನ್ನು ಬಾಗಿಸಿ ಮಾಡಿದ್ದು, ಅದರ ಮೇಲೆ ‘ವಿಲ್ಸನ್ ಟಿ2000’ ಎಂದಿದೆ. ವಿಚಿತ್ರವೆಂದರೆ ಚೌಕಟ್ಟಿನಲ್ಲಿ ಗಟ್ (ರಾಕೆಟ್ಟಿನ ಮುಖದಲ್ಲಿ ಬಲೆಯಂತೆ ಹೆಣೆಯುವ ಎಳೆ) ತೂರಿಸುವ ತೂತುಗಳೇ ಇಲ್ಲ. ಕೊಳವೆಯ ಸುತ್ತ ತಂತಿಯೊಂದನ್ನು ಸುರುಳಿಯಾಗಿ ಸುತ್ತಿ, ಅದರ ಕುಣಿಕೆಗಳಲ್ಲಿ ಗಟ್ ಪೋಣಿಸಿದ್ದಾರೆ. ಎರಡು ಎಳೆ ತುಂಡಾಗಿವೆ. ಬ್ಯಾಡ್ಮಿಂಟನ್ ಗಟ್ಟಿಂಗ್ ಹಾಕುವವರೊಬ್ಬರ ಬಳಿ ಒಯ್ದರೆ, ಅವರು ಎರಡು ಬಾರಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟುಬಿಟ್ಟರು. ಹೀಗೊಂದು ವಿನ್ಯಾಸವನ್ನು ಯಾರು, ಏತಕ್ಕಾಗಿ ಮಾಡಿದರು? ಇದರಲ್ಲಿ ಇಂದು ಆಡಬಹುದೇ?

ಉತ್ತರ 1 (ನಿವೃತ್ತ ಮೆಕ್ಯಾನಿಕಲ್ ಉಪನ್ಯಾಸಕ, ಮಂಡ್ಯ)

ನಿಮ್ಮ ರಾಕೆಟ್ಟಿನ ಮೇಲೆ ವಿಲ್ಸನ್ ಕಂಪನಿಯ ಹೆಸರಿದ್ದರೂ ಅದರ ಕಲ್ಪನೆ ಫ್ರಾನ್ಸಿನ ರೆನೆ ಲಕಾಸ್ತ್ ಅವರದು. ಮೊಸಳೆ ಗುರುತಿನ ಅಂಗಿಯಿಂದ ಹೆಸರಾದವರೇ ಇವರು. 1925 ಮತ್ತು 1928ರಲ್ಲಿ ವಿಂಬಲ್ಡನ್ ಗೆದ್ದವರು. ಅಂಗಿಗಿಂತ ಈ ರಾಕೆಟ್ಟೇ ಅವರ ದೊಡ್ಡ ಕೆಲಸವೆಂದು ನನ್ನ ಎಣಿಕೆ, ಆದರೆ ಲೋಕಕ್ಕೆ ಅಂಗಿಯೇ ಕಂಡಿತು.

ಉಕ್ಕಿನ ರಾಕೆಟ್ ಅವರ ವಿನ್ಯಾಸಕ್ಕಿಂತ ಹಳೆಯದು. ಅಮೆರಿಕದ ಚಾಂಪಿಯನ್ ಪಟ್ಟವನ್ನು ಏಳು ಬಾರಿ ಗೆದ್ದಿದ್ದ ವಿಲಿಯಂ ಲಾರ್ನೆಡ್ 1922ರಲ್ಲಿಯೇ ಉಕ್ಕಿನ ಚೌಕಟ್ಟನ್ನು ತಂದಿದ್ದರು. ಆ ರಾಕೆಟ್‌ಗಳಿಗೆ ಉಕ್ಕಿನ ತಂತಿಯನ್ನೇ ಬಿಗಿಯುತ್ತಿದ್ದುದರಿಂದ ಚೆಂಡಿನ ಮೇಲಿನ ಉಣ್ಣೆ ಬೇಗ ಕಿತ್ತುಬರುತ್ತಿತ್ತು. ಹಾಗೆಂದು ಸಾಮಾನ್ಯ ಗಟ್ ಹಾಕಲು ಹೋದರೆ ಬೇರೊಂದು ತೊಡಕು: ಮರದ ಚೌಕಟ್ಟಿನಲ್ಲಿ ತೂತು ಕೊರೆದರೆ ಅದರ ಅಂಚನ್ನು ನಯಗೊಳಿಸಬಹುದು, ಆದರೆ ತೆಳುಗೋಡೆಯ ಕೊಳವೆಯಲ್ಲಿ ಸಾಲಾಗಿ ತೂತು ಕೊರೆದರೆ ಕೊಳವೆ ದುರ್ಬಲವಾಗುತ್ತದೆ, ಹರಿತವಾದ ಅಂಚು ಗಟ್ಟನ್ನು ಕತ್ತರಿಸುತ್ತದೆ. ಲಕಾಸ್ತ್ ಈ ತೂತನ್ನೇ ಕೈಬಿಟ್ಟರು. ಕೊಳವೆಯ ಸುತ್ತ ತಂತಿ ಸುತ್ತಿ, ಒಳಬದಿಯಲ್ಲಿ ಚಾಚಿಕೊಂಡ ಕುಣಿಕೆಗಳಿಗೆ ಗಟ್ ಸಿಕ್ಕಿಸಿದ್ದರಿಂದ ಗಟ್ಟು ಕೊಳವೆಯನ್ನು ಮುಟ್ಟುವುದೇ ಇಲ್ಲ, ಕುಣಿಕೆಗಳಿಂದ ತೂಗುಬಿಟ್ಟಂತಿರುತ್ತದೆ. ಹಾಗಾಗಿ ಚೆಂಡು ಹಗ್ಗದ ಮಂಚದ ಮೇಲೆ ಬಿದ್ದಂತೆ ಪುಟಿಯುತ್ತದೆ. ಹಿಡಿಕೆಯ ಮೇಲ್ಭಾಗ ಎರಡು ಕೊಳವೆಗಳಾಗಿ ತೆರೆದುಕೊಂಡಿರುವುದನ್ನೂ ಗಮನಿಸಿ: ಮರದ ರಾಕೆಟ್ಟಿನ ದಪ್ಪ ಕುತ್ತಿಗೆಗಿಂತ ಅಲ್ಲಿ ಗಾಳಿಯ ತಡೆ ಕಡಿಮೆ.

1963ರಲ್ಲಿ ಯೂರೋಪಿನಲ್ಲಿ ಬೆಳಕಿಗೆ ಬಂದ ಈ ವಿನ್ಯಾಸದ ಹಕ್ಕನ್ನು ಪಡೆದು ವಿಲ್ಸನ್ 1967ರಲ್ಲಿ ಟಿ2000 ಹೊರತಂದಿತು. ಅದೇ ವರ್ಷ ಬಿಲ್ಲಿ ಜೀನ್ ಕಿಂಗ್ ಉಕ್ಕಿನ ರಾಕೆಟ್ ಹಿಡಿದು ಅಮೆರಿಕದ ಚಾಂಪಿಯನ್ ಆದರು. ಪುರುಷರಲ್ಲಿ ಕ್ಲಾರ್ಕ್ ಗ್ರೇಬ್ನರ್ ಫೈನಲ್ ತಲುಪಿದರು.

ಉತ್ತರ 2 (ಗಟ್ಟಿಂಗ್ ಕೆಲಸದವನು, ನಜರ್‌ಬಾದ್)

ಅವರು ಹಿಂದಕ್ಕೆ ಕೊಟ್ಟದ್ದರಲ್ಲಿ ತಪ್ಪಿಲ್ಲ ಸರ್. ಬೇರೆ ರಾಕೆಟ್‌ಗೆ ಹಿಡಿಯುವ ಸಮಯದ ಎರಡರಷ್ಟು ಇದಕ್ಕೆ ಬೇಕು, ಏಕೆಂದರೆ ಪ್ರತಿ ಕುಣಿಕೆಯಲ್ಲೂ ಗಟ್ಟನ್ನು ಕೈಯಿಂದಲೇ ತೂರಿಸಿ ಎಳೆಯಬೇಕು, ಎಳೆಯುವಾಗ ಕುಣಿಕೆ ಪಕ್ಕಕ್ಕೆ ವಾಲದಂತೆಯೂ ಕಾಯಬೇಕು. ಹಳೆಯ ಗಟ್ಟನ್ನು ಕತ್ತರಿಸುವ ಮೊದಲು ಎರಡೂ ಬದಿಯಿಂದ ಚಿತ್ರ ತೆಗೆದುಕೊಳ್ಳಿ. ಯಾವ ಎಳೆ ಯಾವ ಕುಣಿಕೆಗೆ ಹೋಗಿತ್ತು ಎಂಬುದಕ್ಕೆ ಅದೇ ನಕ್ಷೆ. ನೈಲಾನ್ ಗಟ್ಟೇ ಸಾಕು. ಬಿಗಿತ 50 ಪೌಂಡಿನ ಮೇಲೆ ಹೋಗದಿರಲಿ. ಈಗಿನ ಗಡಸು ಪಾಲಿಯೆಸ್ಟರ್ ಗಟ್ಟನ್ನು ಮಾತ್ರ ಹಾಕಿಸಬೇಡಿ, ಹಳೆಯ ಕುಣಿಕೆಗಳು ತಡೆಯಲಾರವು.

ಉತ್ತರ 3 (ಕುವೆಂಪುನಗರ, ಮೈಸೂರು)

ಉಪನ್ಯಾಸಕರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅವರ ಉತ್ಸಾಹವನ್ನು ಪೂರ್ತಿಯಾಗಿ ಒಪ್ಪಲಾರೆ. ಕಾಲೇಜು ದಿನಗಳಲ್ಲಿ ಸ್ನೇಹಿತನೊಬ್ಬನ ಟಿ2000 ಹಿಡಿದು ಒಂದು ತಿಂಗಳು ಆಡಿದ್ದೇನೆ. ಚೆಂಡು ಸರಿಯಾಗಿ ನಡುವೆ ಬಿದ್ದರೆ ಗುಂಡಿನಂತೆ ಹೋಗುತ್ತಿತ್ತು. ಬೆರಳಗಲ ಆಚೀಚೆ ಬಿದ್ದರೆ ರಾಕೆಟ್ ಕೈಯಲ್ಲೇ ತಿರುಚಿಕೊಂಡು ಚೆಂಡು ಎತ್ತಲೋ ಹೋಗುತ್ತಿತ್ತು. ಮುಖ ಮರದ ರಾಕೆಟ್‌ನಷ್ಟೇ ಚಿಕ್ಕದು, ಕೊಳವೆಯೋ ಸಣ್ಣದು. ತಿರುಚುವಿಕೆಯನ್ನು ತಡೆಯುವ ಗುಣ ಎಲ್ಲಿಂದ ಬರಬೇಕು? ಜಿಮ್ಮಿ ಕಾನರ್ಸ್ ಇದರಲ್ಲೇ 1974ರಲ್ಲಿ ವಿಂಬಲ್ಡನ್ ಗೆದ್ದರು, ಅಮೆರಿಕನ್ ಓಪನ್ ಅನ್ನು ಹುಲ್ಲು, ಜೇಡಿ, ಗಟ್ಟಿ ಅಂಕಣ ಮೂರರಲ್ಲೂ ಗೆದ್ದರು, ನಿಜ. ಅವರ ಹೊಡೆತ ಚಪ್ಪಟೆಯಾಗಿ ಬಲೆಯನ್ನು ಸವರಿಕೊಂಡು ಹೋಗುವಂಥದ್ದು, ಕಣ್ಣು ಹದ್ದಿನದು. ಮಿಕ್ಕವರು ಬೇಗನೆ ಬೇರೆ ರಾಕೆಟ್‌ಗಳಿಗೆ ಹೋದರು.

ತಿರುಚುವಿಕೆಗೆ ಪರಿಹಾರ ಕಂಡದ್ದು ಅಮೆರಿಕದ ಎಂಜಿನಿಯರ್ ಹವರ್ಡ್ ಹೆಡ್. ಅವರು ಮುಖದ ಅಗಲವನ್ನೇ ಹೆಚ್ಚಿಸಿ, 1976ರಲ್ಲಿ ಪ್ರಿನ್ಸ್ ಕಂಪನಿಯ ಮೂಲಕ 110 ಚದರ ಅಂಗುಲದ ಅಲ್ಯೂಮಿನಿಯಂ ರಾಕೆಟ್ ತಂದರು. ಮೊದಲು ನಕ್ಕವರೇ ನಂತರ ಕೊಂಡರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಗಲು ಬೆಳಕಿನಲ್ಲಿ ನೋಡಿದಾಗ ಸುರುಳಿ ತಂತಿಯೇ ತುದಿಯಲ್ಲಿ ಒಂದು ಕಡೆ ತುಂಡಾಗಿರುವುದು ಕಂಡಿತು. ಬೆಸುಗೆ ಹಾಕಿಸಬಹುದೇ?

ಉತ್ತರ 2 (ಗಟ್ಟಿಂಗ್ ಕೆಲಸದವನು, ನಜರ್‌ಬಾದ್)

ಬೇಡ ಸರ್, ಆ ಶಾಖಕ್ಕೆ ತೆಳು ಕೊಳವೆ ತೂತಾದೀತು, ಹೊಳಪಂತೂ ಖಂಡಿತ ಸುಡುತ್ತದೆ. ಸುರುಳಿ ತುಂಡಾಗಿದ್ದರೆ ಬಿಗಿಯುವಾಗ ಪಕ್ಕದ ಕುಣಿಕೆಗಳೂ ಸಡಿಲವಾಗುತ್ತವೆ. ಉಳಿದ ಗಟ್ಟನ್ನೂ ನಡುವಿನಿಂದ ಹೊರಗಿನತ್ತ ಒಂದೊಂದಾಗಿ ಕತ್ತರಿಸಿ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಹಾಗೆಯೇ ಗೋಡೆಗೆ ತೂಗುಹಾಕಿ.