ಗೋಶಾಲೆಗೆ ದೇಣಿಗೆ ಸಂಜೆ: ಬಂದವರು ಬರೀ ಊಟ ಮಾಡಿ ಹೋಗದಂತೆ ಹೇಗೆ?

ಹಟ್ಟಿಬಾಗಿಲು: ನಮ್ಮದು ತೀರ್ಥಹಳ್ಳಿ ಕಡೆ ಕಾಡಂಚಿನ ಗೋಶಾಲೆ. ಎಲ್ಲಾ ಮಲೆನಾಡು ಗಿಡ್ಡ ತಳಿಯ ಹಸುಗಳು. ಜನವರಿಯಲ್ಲಿ 100 ಜನರನ್ನು ಕರೆದು ಮೇವಿಗೆ ಹಣ ಎತ್ತಬೇಕು. ಭಾಷಣ ಬೇಡ, ಹಟ್ಟಿ ಕೆಲಸ ಅವರ ಕೈಗೇ ತಾಗಬೇಕು. ಹೇಗೆ ಹೊಂದಿಸೋದು?

ಅಡಿಕೆಚಪ್ಪರ: ನೂರು ಜನ ಒಟ್ಟಿಗೆ ನುಗ್ಗಿದ್ರೆ ಹಸು ಬೆದರ್ತವೆ ಮಾರಾಯ್ರೆ. 50ರಂತೆ ಎರಡು ಪಾಳಿ ಮಾಡಿ. 10 ಜನರ ಐದು ತಂಡ, ಐದು ಜಾಗ, ತಲಾ 12 ನಿಮಿಷ: ಕರು ಮೈ ಉಜ್ಜೋದು, ಸಗಣಿ ಬಾಚೋದು, ಗೊಬ್ಬರದ ಗುಂಡಿ ನೋಡೋದು, ಕಣ್ಣು ಕಟ್ಟಿ ಗಂಟೆ ಸದ್ದಿನಲ್ಲೇ ಹಸು ಎಲ್ಲಿದೆ ಅಂತ ಹೇಳೋದು, ಒಂದು ಹಸುವಿನ ದಿನದ ಮೇವು ತೂಗೋದು. ತಕ್ಕಡಿ ಪಕ್ಕದಲ್ಲೇ ಆ ಮೇವಿನ ಬೆಲೆ ಬರೆದು ಅಲ್ಲೇ ಹಣ ಕೇಳಿ. ಊಟ ಆದ್ಮೇಲೆ ಕೇಳಿದ್ರೆ ಎಲ್ರಿಗೂ ಮನೆಗೆ ಹೋಗೋ ಗಡಿಬಿಡಿ.

ಉಣ್ಣಿಗೊಬ್ಬ: ಜನವರಿ ಅಂದ್ರೆ ಉಣ್ಣಿ ಕಚ್ಚಿ ಹರಡೋ ಮಂಗನ ಕಾಯಿಲೆ ಕಾಲ. 1957ರಲ್ಲಿ ಮೊದಲು ಗುರುತಾದದ್ದೇ ನಮ್ಮ ಸೊರಬದ ಕ್ಯಾಸನೂರಲ್ಲಿ. ದರಗಿನ (ಉದುರಿದ ಒಣ ಎಲೆ) ಮೇಲೆ ಯಾರನ್ನೂ ಕೂರಿಸ್ಬೇಡಿ, ಕಾಡೊಳಗೆ ನಡಿಗೆ ಇಡಲೇಬೇಡಿ. ಉದ್ದ ಪ್ಯಾಂಟು, ಕಾಲಿಗೆ ಉಣ್ಣಿ ಹತ್ತದಂತೆ ಡೆಪಾ ಎಣ್ಣೆ. ಸುತ್ತ ಸತ್ತ ಮಂಗ ಕಂಡಿದ್ರೆ ಕಾರ್ಯಕ್ರಮವೇ ಬೇಡ. ಇನ್ನು ಬೆಲ್ಲ, ಅನ್ನ ತಿನ್ನಿಸೋ ಉಮೇದಿಗೆ ತಡೆ ಹಾಕಿ. ಹೆಚ್ಚಾದ್ರೆ ಹೊಟ್ಟೆಯಲ್ಲಿ ಹುಳಿ ಏರಿ ಹಸು ಮೇವು ಬಿಡುತ್ತೆ. ಅಳೆದಿಟ್ಟ ಹಸಿಹುಲ್ಲು ಮಾತ್ರ ಕೊಡಿಸಿ.

ರಸೀದಿಪುಸ್ತಕ: ಟ್ರಸ್ಟಿಗೆ 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸೋ) ನೋಂದಣಿ ಇದ್ರೂ 2000 ರೂಪಾಯಿ ಮೀರಿದ ನಗದಿಗೆ ತೆರಿಗೆ ರಿಯಾಯಿತಿ ಸಿಗಲ್ಲ, ಅಂಥವರಿಂದ ಚೆಕ್ ತಗೊಳ್ಳಿ. ಪ್ಯಾನ್ ನಂಬರ್ ಆಗಲೇ ಬರೆಸಿಕೊಳ್ಳಿ. ಕ್ಯೂಆರ್ ನಂಬ್ಕೊಂಡು ಕೂತ್ರೆ ಕಾಡಂಚಲ್ಲಿ ಸಿಗ್ನಲ್ ಕೈ ಕೊಡುತ್ತೆ. ಮೈಕ್ ರಾತ್ರಿ 10ರೊಳಗೆ ಬಂದ್.