ಅಪ್‌ಡೇಟ್: ದಾರಿಯಲ್ಲಿ ನಿಂತುಹೋಗುತ್ತಿದ್ದ ಹಳೇ ಕಾರು

ಹೋದ ತಿಂಗಳು ಕೇಳಿದ್ದೆನಲ್ಲ, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಕಾರು, 20 ನಿಮಿಷ ಓಡಿದ ಮೇಲೆ ಮುಗ್ಗರಿಸಿ ಆಫ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂತ.

ಪ್ಲಗ್, ಪೆಟ್ರೋಲ್ ಫಿಲ್ಟರ್ ಸುಮ್ನೆ ಬದಲಾಯಿಸಿದೆ, ದುಡ್ಡು ದಂಡ. ಕೊನೆಗೆ ನಿಮ್ಮಲ್ಲೊಬ್ಬರು ಹೇಳಿದಂತೆ, ಆಫ್ ಆದ ಕೂಡಲೇ ಟ್ಯಾಂಕ್ ಮುಚ್ಚಳ ತಿರುಗಿಸಿದೆ. ಉಸ್ ಅಂತ ಗಾಳಿ ಒಳಗೆಳೆದುಕೊಂಡಿತು! ಮುಚ್ಚಳದ ಗಾಳಿ ತೂತು ಧೂಳಿನಿಂದ ಕಟ್ಟಿಕೊಂಡಿತ್ತು. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕಲ್ವಾ, ಇಲ್ಲದಿದ್ದರೆ ಪಂಪ್ ಎಷ್ಟು ಅಂತ ಎಳೆಯುತ್ತದೆ? ಹೊಸ ಮುಚ್ಚಳ ಹಾಕಿ ಎರಡು ವಾರ ಆಯಿತು, ಒಮ್ಮೆಯೂ ನಿಂತಿಲ್ಲ.

ಆಕ್ಸಿಲರೇಟರ್ ಒತ್ತಿದಾಗಿನ ತಡವರಿಕೆ ಮಾತ್ರ ಇನ್ನೂ ಇದೆ. ಎಂಜಿನ್ ಆಫ್ ಮಾಡಿ ಕಾರ್ಬ್ಯುರೇಟರ್ ಬಾಯೊಳಗೆ ಇಣುಕಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಕವಾಟ) ಎಳೆದೆ. ಆಗ ಪೆಟ್ರೋಲ್ ಚಿಮ್ಮಬೇಕಿತ್ತು, ಚಿಮ್ಮಲಿಲ್ಲ, ಒಸರಿತು ಅಷ್ಟೇ. ಹಾಗೆ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿರಬೇಕು. ಈಗ ರಿಪೇರಿ ಕಿಟ್ ಹುಡುಕುತ್ತಿದ್ದೇನೆ.